ಪ್ರೋಗ್ರೆಸಿವ್ ಕನ್ನಡಕ: ನಾಲ್ಕು ವರ್ಷ ಹಾಕಿಕೊಂಡ ಮೇಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈಗ ನನಗೆ 49 ವರ್ಷ. ಕಾಲೇಜಿನ ದಿನಗಳಿಂದಲೂ ಸೈಟ್ ಇದೆ. 45ಕ್ಕೆ ಹತ್ತಿರದ್ದು ಮಸುಕಾಗುವ ಚಾಳೀಸೂ ಬಂತು. ದೂರದ ಕನ್ನಡಕ ಹಾಕಿಕೊಂಡರೆ ನೋಟ್ಸ್ ಮಸುಕು, ತೆಗೆದರೆ ಕೊನೆ ಬೆಂಚಿನ ಮಕ್ಕಳ ಮುಖ ಮಸುಕು. ಒಂದು ಪೀರಿಯಡ್‌ನಲ್ಲಿ ಎಷ್ಟು ಸಲ ತಲೆ ಮೇಲೆ ಏರಿಸಿ ಇಳಿಸುತ್ತಿದ್ದೆನೋ ಲೆಕ್ಕವೇ ಇಲ್ಲ. ಅದಕ್ಕೇ ಪ್ರೋಗ್ರೆಸಿವ್ ಮಾಡಿಸಿದೆ. ಮೇಲಿಂದ ಕೆಳಕ್ಕೆ ಪವರ್ ನಿಧಾನವಾಗಿ ಬದಲಾಗುವ ಗಾಜು ಇದು, ನಡುವೆ ಗೆರೆ ಇರುವುದಿಲ್ಲ.

ಮೊದಲ ಜೋಡಿ ಎರಡು ತಿಂಗಳೂ ಹಾಕಲಾಗಲಿಲ್ಲ. ಎರಡನೆಯದನ್ನು ಇವತ್ತಿಗೂ ಹಾಕುತ್ತಿದ್ದೇನೆ. ಎರಡನ್ನೂ ಮಾಡಿಸಿದ್ದು ಕಣ್ಣಿನ ಪವರ್ ಬರೆದ ಒಂದೇ ಚೀಟಿ ತೋರಿಸಿ!

ಆ ಚೀಟಿಯಲ್ಲಿ ಏನಿತ್ತು ಅಂದರೆ, ಎಡಗಣ್ಣಿಗೆ -2.00. ಬಲಗಣ್ಣಿಗೆ -1.75, ಜೊತೆಗೆ ಸಿಲಿಂಡರ್ -0.50, ಆಕ್ಸಿಸ್ 90. ಎರಡಕ್ಕೂ ಆ್ಯಡ್ +1.50. ಹತ್ತನೇ ಕ್ಲಾಸಿನ ಮಕ್ಕಳಿಗೆ ಮಸೂರದ ಸಾಮರ್ಥ್ಯ ಅಂತ ಹೇಳಿಕೊಡುವುದು ಈ -2.00ರಂಥ ಪವರನ್ನೇ. 1 ಮೀಟರನ್ನು ಪವರ್‌ನಿಂದ ಭಾಗಿಸಿ ನೋಡಿ. ಮೈನಸ್ 2 ಅಂದರೆ ಬರಿಗಣ್ಣಿಗೆ ಅರ್ಧ ಮೀಟರ್ ತನಕ ಸ್ಪಷ್ಟ, ಅದರಾಚೆ ಮಸುಕು. ಕಣ್ಣಿನ ಮುಂಭಾಗದ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದರೆ ಸಿಲಿಂಡರ್ ಬರುತ್ತದೆ. ಅದು ಯಾವ ಕೋನದಲ್ಲಿ ಕೂರಬೇಕು ಅನ್ನುವುದು ಆಕ್ಸಿಸ್. ಓದುವುದಕ್ಕೆ ಗಾಜಿನ ಕೆಳಭಾಗದಲ್ಲಿ ಕೂಡಿಸುವ ಪವರ್ ಆ್ಯಡ್. ವಯಸ್ಸಾದಂತೆ ಇದು ಏರುತ್ತಾ ಹೋಗುತ್ತದೆ.

6/6 ಅನ್ನುವುದು ಪವರ್ ಅಲ್ಲ, ಕಣ್ಣು ಎಷ್ಟು ಸ್ಪಷ್ಟವಾಗಿ ನೋಡುತ್ತದೆ ಅನ್ನುವ ಅಳತೆ. ಸ್ಟಾಫ್ ರೂಮಿನಲ್ಲೇ ಎಷ್ಟೋ ಜನ ಇದನ್ನು ಗೊಂದಲ ಮಾಡಿಕೊಂಡಿದ್ದಾರೆ. ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಡಚ್ ಡಾಕ್ಟರ್ ಸ್ನೆಲೆನ್ 1862ರಲ್ಲಿ ಮಾಡಿದ್ದು. ಕನ್ನಡಕ ಇಲ್ಲದೆ ನನ್ನ ಕಣ್ಣು 6/36. ಅಂದರೆ ಸರಿಯಾದ ಕಣ್ಣು 36 ಮೀಟರ್ ದೂರದಿಂದ ಓದುವ ಅಕ್ಷರ ನನಗೆ 6 ಮೀಟರ್‌ಗೆ ಬಂದರೇನೇ ಕಾಣುವುದು. ಪವರ್ ನೋಡುವುದು ಬೇರೆ. ಕಣ್ಣಿನ ಪರೀಕ್ಷೆಯ ಮೆಷಿನ್‌ನಲ್ಲಿ ರಸ್ತೆಯ ತುದಿಗೆ ಬಣ್ಣದ ಬಲೂನು ಕಾಣುತ್ತಲ್ಲ, ಅದು ಕೊಡುವುದು ಪವರ್‌ನ ಬರೀ ಅಂದಾಜು. ಆಮೇಲೆ ಒಂದೊಂದೇ ಗಾಜು ಹಾಕಿ "ಇದಾ, ಅದಾ?" ಅಂತ ಕೇಳುತ್ತಾರೆ. ಆಗ ಗಡಿಬಿಡಿ ಮಾಡಬೇಡಿ. ಎರಡೂ ಒಂದೇ ಥರ ಕಂಡರೆ ಹಾಗೇ ಹೇಳಿ.

ಈಗ ಮೊದಲ ಅಂಗಡಿಯ ವಿಷಯ. ಅಲ್ಲಿ ಸ್ಕೇಲ್ ಹಿಡಿದು ಎರಡು ಕಣ್ಣಿನ ನಡುವಿನ ದೂರ ನೋಡಿದರು. 65 ಅಂತ ಬರೆದುಕೊಂಡರು. ಅಷ್ಟೇ. ನಾನು ಆರಿಸಿದ್ದು ಗಿಡ್ಡ ಫ್ರೇಮ್, ಅದಕ್ಕೂ ಏನೂ ಹೇಳಲಿಲ್ಲ. ಕನ್ನಡಕ ಬಂತು. ಓದಬೇಕಾದರೆ ಗದ್ದ ಎತ್ತಬೇಕು, ಪುಟವನ್ನು ಪಕ್ಕಕ್ಕೆ ಸರಿಸಬೇಕು. ಉತ್ತರ ಪತ್ರಿಕೆ ತಿದ್ದಿ ಮುಗಿಸುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು. ಮೂರು ಸಲ ಹೋಗಿ ಕೇಳಿದೆ. "ಅಭ್ಯಾಸ ಆಗುತ್ತೆ ಮೇಡಂ" ಅಂದರು. 8,500 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು, ನನ್ನ ಕಣ್ಣೇ ಇದಕ್ಕೆ ಒಗ್ಗುವುದಿಲ್ಲ ಅಂತ ನಾನು ನಂಬಿಬಿಟ್ಟಿದ್ದು.

ಎರಡನೇ ಅಂಗಡಿಯ ಹುಡುಗ ಮೊದಲು ಫ್ರೇಮನ್ನು ನನ್ನ ಮೂಗಿಗೆ, ಕಿವಿಗೆ ಸರಿಯಾಗಿ ಕೂರಿಸಿದ. ಆಮೇಲೆ ಸ್ಟೂಲ್ ಎಳೆದುಕೊಂಡು ನನ್ನ ಕಣ್ಣಿನ ಮಟ್ಟಕ್ಕೇ ಕೂತ. "ತಲೆ ನೆಟ್ಟಗಿರಲಿ ಮೇಡಂ, ನನ್ನ ಎಡಗಣ್ಣು ನೋಡಿ." ಸ್ಕೆಚ್ ಪೆನ್ನಿನಿಂದ ಫ್ರೇಮಿನ ಡಮ್ಮಿ ಗಾಜಿನ ಮೇಲೆ ಪಾಪೆಗೆ ಸರಿಯಾಗಿ ಒಂದು ಚುಕ್ಕೆ ಇಟ್ಟ. "ಈಗ ಬಲಗಣ್ಣು." ಇನ್ನೊಂದು ಚುಕ್ಕೆ. ನನ್ನನ್ನು ಎದ್ದು ನಿಲ್ಲಿಸಿ, ಸ್ವಲ್ಪ ನಡೆಸಿ, ಮತ್ತೆ ಕೂರಿಸಿ ಚುಕ್ಕೆ ಅಲ್ಲೇ ಇದೆಯಾ ನೋಡಿದ. ಮೂಗಿನ ಮಧ್ಯದಿಂದ ಬಲಕ್ಕೆ 30 ಮಿಲಿಮೀಟರ್, ಎಡಕ್ಕೆ 31. ಒಟ್ಟು 61, 65 ಅಲ್ಲವೇ ಅಲ್ಲ! ಫ್ರೇಮಿನ ಕೆಳ ಅಂಚಿನಿಂದ ಚುಕ್ಕೆಯ ಎತ್ತರವನ್ನೂ ಬರೆದುಕೊಂಡ.

ಪ್ರೋಗ್ರೆಸಿವ್ ಗಾಜಿನಲ್ಲಿ ದೂರದಿಂದ ಹತ್ತಿರಕ್ಕೆ ಇಳಿಯುವ ದಾರಿ ತುಂಬ ಕಿರಿದು. ಅದರ ಎರಡೂ ಪಕ್ಕ ಮಸುಕು ಇದ್ದೇ ಇರುತ್ತದೆ. ಎಷ್ಟು ದುಬಾರಿ ಗಾಜಾದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಿದ್ದಾಗ ಒಟ್ಟು 4 ಮಿಲಿಮೀಟರ್, ಅಂದರೆ ಒಂದೊಂದು ಕಣ್ಣಿಗೆ ಸುಮಾರು 2, ತಪ್ಪಿದರೆ ಕಣ್ಣು ದಾರಿ ಬಿಟ್ಟು ಪಕ್ಕದ ಮಸುಕಿಗೇ ಬೀಳುತ್ತದೆ. ಎತ್ತರ ತಪ್ಪಿದರೆ ಗದ್ದ ಎತ್ತುವ ಪಾಡು. ಫ್ರೇಮ್ ತೀರ ಗಿಡ್ಡ ಇದ್ದರೆ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಎರಡನೇ ಜೋಡಿಗೆ ನಾನು ಒಂದೇ ವಾರದಲ್ಲಿ ಒಗ್ಗಿಕೊಂಡೆ. ಮೆಟ್ಟಿಲು ಇಳಿಯುವಾಗ ಮಾತ್ರ ಇವತ್ತಿಗೂ ಕತ್ತು ಬಗ್ಗಿಸಿಯೇ ನೋಡುತ್ತೇನೆ, ಯಾಕೆಂದರೆ ಕೆಳಗಿರುವುದು ಓದುವ ಪವರ್.

ಕೊರತೆಗಳೂ ಇವೆ. ಮಲಗಿಕೊಂಡು ಟಿವಿ ನೋಡಲಾಗುವುದಿಲ್ಲ. ಸಂಜೆ ಶಾಲೆಯ ಕಂಪ್ಯೂಟರ್‌ನಲ್ಲಿ ಮಾರ್ಕ್ಸ್ ಎಂಟ್ರಿ ಮಾಡುವಾಗ ನಡುವಿನ ಭಾಗ ಸಾಲದು. ನಾನಂತೂ ಕನ್ನಡಕ ತೆಗೆದಿಟ್ಟುಬಿಡುತ್ತೇನೆ, ಮೈನಸ್ 2 ಇರುವುದರಿಂದ ಸ್ಕ್ರೀನ್ ಬರಿಗಣ್ಣಿಗೇ ಕಾಣುತ್ತದೆ. ಪ್ಲಸ್ ಇರುವವರು ಬೇರೆ ಜೋಡಿ ಮಾಡಿಸಿಕೊಳ್ಳುವುದೇ ಒಳ್ಳೆಯದು. ಸೀಮೆಸುಣ್ಣದ ಧೂಳನ್ನು ಸೆರಗಿನಿಂದ ಒರೆಸಿ ಒರೆಸಿ ಕೋಟಿಂಗ್ ಹಾಳಾಯಿತು. ಈಗ ನಲ್ಲಿ ನೀರಲ್ಲಿ ತೊಳೆದೇ ಒರೆಸುತ್ತೇನೆ.

ಲೇಸರ್ ಮಾಡಿಸಿಬಿಡಿ ಅಂದವರೂ ಇದ್ದಾರೆ. ಡಾಕ್ಟರನ್ನು ಕೇಳಿದೆ. ಮೈನಸ್ ಪೂರ್ತಿ ತೆಗೆದರೆ ದೂರದ್ದು ಸರಿಯಾಗುತ್ತದೆ, ಚಾಳೀಸು ಹೋಗುವುದಿಲ್ಲ, ಈಗ ಬರಿಗಣ್ಣಲ್ಲಿ ಓದುವುದೂ ತಪ್ಪುತ್ತದೆ ಅಂದರು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಬಿಡುವ ದಾರಿಯೂ ಇದೆಯಂತೆ. ನನಗೆ ಮನಸ್ಸಾಗಲಿಲ್ಲ.

ಕಳೆದ ವರ್ಷ ಆ್ಯಡ್ +2.00ಕ್ಕೆ ಏರಿತು. ಅದೇ ಫ್ರೇಮಿಗೆ ಹೊಸ ಗಾಜು, 7,000 ರೂಪಾಯಿ. ಎಡಗಣ್ಣಿನ ಲೆಕ್ಕ ನೋಡಿ: -2.00ಕ್ಕೆ +2.00 ಕೂಡಿದರೆ ಸೊನ್ನೆ. ಓದುವ ಭಾಗದಲ್ಲಿ ಪವರ್ರೇ ಇಲ್ಲ! ಈ ಲೆಕ್ಕವನ್ನು ಮಕ್ಕಳಿಗೂ ಬೋರ್ಡ್ ಮೇಲೆ ಮಾಡಿ ತೋರಿಸಿದೆ.

ಗಾಜಿಗೆ ಉಸಿರು ಊದಿ ಟ್ಯೂಬ್‌ಲೈಟಿಗೆ ಹಿಡಿದರೆ ಎರಡು ಪುಟ್ಟ ಗುರುತು ಕಾಣುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ 20 ಅಂತ ಕೊರೆದಿದೆ, ಅದೇ ಆ್ಯಡ್ +2.00. ಹೊಸ ಗಾಜು ಬಂದ ದಿನ ಅಂಗಡಿಯಲ್ಲೇ ಇದನ್ನು ನೋಡಿ ತಂದೆ. 30, 31 ಮತ್ತು ಎತ್ತರ ಬರೆದ ಆ ಹುಡುಗನ ಚೀಟಿ ನನ್ನ ಕನ್ನಡಕದ ಡಬ್ಬಿಯಲ್ಲೇ ಇದೆ.