ಬೆಳಗಿನ ಗಂಜಿಗೆ ಯಾವುದು? ರಾಗಿ, ನುಚ್ಚಕ್ಕಿ, ಗೋಧಿ ನುಚ್ಚು, ಓಟ್ಸ್ ಹೋಲಿಕೆ

ಕೆಜಿ ಬೆಲೆ ನೋಡಿ ಯಾವ ಗಂಜಿ ಅಗ್ಗ ಎಂದು ಹೇಳಲು ಬರುವುದಿಲ್ಲ. ಒಂದು ಬಟ್ಟಲಿಗೆ ಎಷ್ಟು ಗ್ರಾಂ ಹೋಗುತ್ತದೆ, ಒಲೆ ಎಷ್ಟು ಹೊತ್ತು ಉರಿಯುತ್ತದೆ, ಮೇಲೆ ಹಾಲು ಎಷ್ಟು ಬೀಳುತ್ತದೆ, ಲೆಕ್ಕ ಇರುವುದು ಈ ಮೂರರಲ್ಲಿ. ಅದಕ್ಕೇ ನಾಲ್ಕನ್ನೂ ಒಂದೇ ಅಳತೆಗೆ ತಂದು ಮಾಡಿ ನೋಡಿದ್ದು: ಒಬ್ಬರಿಗೆ 40 ಗ್ರಾಂ ಧಾನ್ಯ, ಅದೇ ಒಲೆ, ಅದೇ ಪಾತ್ರೆ.

ಕೆಜಿಗೆ ಅಕ್ಕಿ ನುಚ್ಚು 35, ರಾಗಿ ಹಿಟ್ಟು 55, ಗೋಧಿ ನುಚ್ಚು 60, ಸಾದಾ ಓಟ್ಸ್ 180 ರೂಪಾಯಿ ಎಂದು ಹಿಡಿದರೆ, 40 ಗ್ರಾಂಗೆ ಕ್ರಮವಾಗಿ 1.40, 2.20, 2.40 ಮತ್ತು 7.20 ರೂಪಾಯಿ ಆಗುತ್ತದೆ. ನಿಮ್ಮೂರಿನ ದರ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ. ಇನ್ನು ಗ್ಯಾಸ್: 14.2 ಕೆಜಿ ಸಿಲಿಂಡರ್ 900 ರೂಪಾಯಿ ಎಂದಿಟ್ಟುಕೊಂಡರೆ, ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಹತ್ತು ನಿಮಿಷ ಉರಿಯಲು ಹೆಚ್ಚುಕಡಿಮೆ ಒಂದೂವರೆ ರೂಪಾಯಿ. ಅಂದರೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯುವ ಕುಚ್ಚಲಕ್ಕಿ ಗಂಜಿಗೆ ಅಕ್ಕಿಗಿಂತ ಗ್ಯಾಸೇ ದುಬಾರಿ. ರುಚಿಗೆ ಎರಡು ಮಾತಿಲ್ಲ, ಆದರೆ ಬೆಳಗಿನ ಅವಸರದ ಹೋಲಿಕೆಯಿಂದ ಅದನ್ನು ಹೊರಗಿಟ್ಟಿದ್ದು ಈ ಕಾರಣಕ್ಕೆ.

ಮೊದಲು ರಾಗಿ. 40 ಗ್ರಾಂ ಎಂದರೆ ನಾಲ್ಕು ತುಂಬು ದೊಡ್ಡ ಚಮಚ ಹಿಟ್ಟು. ಅದನ್ನು 150 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಇನ್ನೊಂದು ಕಡೆ 250 ಮಿಲಿ ನೀರು ಉಪ್ಪಿನೊಂದಿಗೆ ಕುದಿಯುತ್ತಿರಲಿ. ಕದಡಿದ್ದನ್ನು ಸುರಿಯುವ ಮುನ್ನ ಮತ್ತೊಮ್ಮೆ ಕೈಯಾಡಿಸಿ. ಎರಡು ನಿಮಿಷ ಬಿಟ್ಟರೂ ಹಿಟ್ಟು ತಳಕ್ಕೆ ಕೂತು, ಬರೀ ನೀರು ಪಾತ್ರೆಗೆ ಹೋಗುತ್ತದೆ. ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವುತ್ತಿದ್ದರೆ ಒಂದೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆಯಿತು ಎಂದು ಒಲೆ ಆರಿಸುವವರು ಬಹಳ ಮಂದಿ, ಹಸಿ ವಾಸನೆ ಉಳಿಯುವುದು ಅಲ್ಲೇ. ಗಟ್ಟಿಯಾಗುವುದು ಬೇರೆ, ಬೇಯುವುದು ಬೇರೆ. ಸಣ್ಣ ಉರಿಯಲ್ಲಿ ಇನ್ನೂ ಐದಾರು ನಿಮಿಷ ಬೇಕು. ಬೂದು ಬಣ್ಣ ಹೋಗಿ ಕಂದು ಗಾಢವಾಗಿ, ಮೇಲೆ ಹೊಳಪು ಬಂದು, ಗುಳ್ಳೆ ನಿಧಾನಕ್ಕೆ ಬುಳ್ ಬುಳ್ ಎಂದು ಒಡೆಯತೊಡಗಿದರೆ ಬೆಂದಿದೆ. ಆರಿದ ಮೇಲೆ ಇನ್ನಷ್ಟು ಬಿಗಿಯುವುದರಿಂದ ಬೇಕಾದ್ದಕ್ಕಿಂತ ತುಸು ತೆಳ್ಳಗಿದ್ದಾಗಲೇ ಇಳಿಸಬೇಕು.

ಒಣ ಹಿಟ್ಟನ್ನು ನೇರ ಕುದಿನೀರಿಗೆ ಉದುರಿಸಿದರೆ ಗಂಟು ಗ್ಯಾರಂಟಿ. ಬಿಸಿ ತಾಕಿದ ಕೂಡಲೇ ಹೊರಪದರದ ಪಿಷ್ಟ ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಹಿಟ್ಟಿಗೆ ನೀರೇ ಹೋಗದು. ಆಮೇಲೆ ಎಷ್ಟು ಕುದಿಸಿದರೂ ಅದು ಕರಗುವುದಿಲ್ಲ, ಸೋಸುವುದೊಂದೇ ದಾರಿ. ಮೊಳಕೆ ಕಟ್ಟಿದ ರಾಗಿ ಹಿಟ್ಟಿನ ತೊಂದರೆ ತದ್ವಿರುದ್ಧ: ಇಷ್ಟೇ ಅಳತೆಗೆ ನೀರು ನೀರಾಗಿ ನಿಲ್ಲುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹೀಗೆ. ಹಿಟ್ಟು ಕಲಬೆರಕೆ ಎಂದು ಅಂಗಡಿಯವರ ಮೇಲೆ ಹಾರಾಡಬೇಕಿಲ್ಲ, ಒಂದೂವರೆ ಪಟ್ಟು ಹಾಕಿದರೆ ಸಾಕು.

ಅಂಬಲಿ ಮಾಡುವುದಾದರೆ ಉಗುರು ಬೆಚ್ಚಗಾಗುವವರೆಗೆ ಕಾಯಬೇಕು, ಬಿಸಿಗೆ ಮಜ್ಜಿಗೆ ಸುರಿದರೆ ಒಡೆಯುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಚಿಟಿಕೆ ಇಂಗು ಸಾಕು. ರಾತ್ರಿಯ ಮುದ್ದೆ ಉಳಿದಿದ್ದರೆ ಮಜ್ಜಿಗೆಯಲ್ಲಿ ಕಿವುಚಿಕೊಳ್ಳಿ, ಒಲೆಯೇ ಬೇಡ. ಇದಕ್ಕಿಂತ ಅಗ್ಗದ ಗಂಜಿ ಈ ಪಟ್ಟಿಯಲ್ಲಿಲ್ಲ.

ರಾಗಿಯ ಅಗ್ಗದಲ್ಲಿ ಒಂದು ಕಣ್ಕಟ್ಟೂ ಇದೆ. ಹೆಚ್ಚಿನ ಮನೆಗಳಲ್ಲಿ ಎರಡು ಚಮಚ ಹಿಟ್ಟಿಗೆ ದೊಡ್ಡ ಲೋಟದ ತುಂಬ ಗಂಜಿ ಮಾಡುತ್ತಾರೆ. ಅದರಲ್ಲಿರುವುದು ಇಪ್ಪತ್ತು ಗ್ರಾಂ ಹಿಟ್ಟು, ಉಳಿದದ್ದು ನೀರು. ಹತ್ತು ಗಂಟೆಗೇ ಹೊಟ್ಟೆ ಚುರುಗುಟ್ಟಿದರೆ ರಾಗಿಯನ್ನು ದೂರಿ ಫಲವಿಲ್ಲ.

ಮಧ್ಯಾಹ್ನದವರೆಗೆ ತಡೆಯಬೇಕೆಂದರೆ ನುಚ್ಚಕ್ಕಿಯೇ ಸರಿ, ಆದರೆ ಬೇಳೆ ಜೊತೆಗೆ. 30 ಗ್ರಾಂ ನುಚ್ಚು, 10 ಗ್ರಾಂ ಹೆಸರುಬೇಳೆ, 450 ಮಿಲಿ ನೀರು. ನುಚ್ಚಿನಲ್ಲಿ ಸಣ್ಣ ಕಲ್ಲು ಸಾಮಾನ್ಯ, ಎರಡು ಸಲ ಜಾಲಿಸದೆ ಒಲೆಗೆ ಇಡಬೇಡಿ. ಅರ್ಧ ಗಂಟೆ ನೆನೆಸಿದ್ದರೆ ತೆರೆದ ಪಾತ್ರೆಯಲ್ಲಿ 12 ನಿಮಿಷ, ನೆನೆಸದಿದ್ದರೆ 18. ಬೇಳೆಯ ಖರ್ಚೂ ಸೇರಿ ಧಾನ್ಯಕ್ಕೆ ಎರಡೂಕಾಲು ರೂಪಾಯಿ ದಾಟದು. ತೆಂಗಿನತುರಿ, ಜೀರಿಗೆ, ಜಜ್ಜಿದ ಶುಂಠಿ ಬಿದ್ದರೆ ಜ್ವರದವರ ಗಂಜಿ ಅನ್ನಿಸುವುದಿಲ್ಲ. ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ ಇದ್ದರಂತೂ ಬೇರೇನೂ ಬೇಡ.

ಇದರ ಕಾಟ ಉಕ್ಕುವುದು. ಪಿಷ್ಟದ ನೊರೆ ಒಡೆಯದೆ ಮೇಲೇರುತ್ತದೆ, ಮುಚ್ಚಳ ಪೂರ್ತಿ ಮುಚ್ಚಿದರೆ ಒಲೆಯೆಲ್ಲ ಗಂಜಿ. ಅರ್ಧ ಟೀ ಚಮಚ ಎಣ್ಣೆ ಅಥವಾ ತುಪ್ಪ ಹಾಕಿದರೆ ನೊರೆ ಕಟ್ಟುವುದು ಕಡಿಮೆ. ಕುಕ್ಕರಿನಲ್ಲಾದರೆ ಮೂರು ಕೂಗು ಸಾಕು, ಆದರೆ ಅರ್ಧಕ್ಕಿಂತ ಮೇಲೆ ತುಂಬಿಸಬಾರದು. ನೊರೆ ತೂತಿನೊಳಗೆ ಹೊಕ್ಕು ಒಣಗಿದರೆ ಮುಂದಿನ ಸಲ ಕೂಗೇ ಬರುವುದಿಲ್ಲ. ಕುಕ್ಕರಿನೊಳಗೆ ಬೇರೆ ಡಬ್ಬಿಯಲ್ಲಿಟ್ಟು ಬೇಯಿಸುವುದು ಇನ್ನೂ ನಿಶ್ಚಿಂತೆ.

ಗೋಧಿ ನುಚ್ಚು ಹುರಿಯದೆ ಮಾಡಿದರೆ ಗೋಂದು. ಒಂದು ಚಮಚ ತುಪ್ಪದಲ್ಲಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಘಮ ಬರುವವರೆಗೆ ಹುರಿದು, 350 ಮಿಲಿ ಬಿಸಿನೀರು ಹಾಕಿ 12ರಿಂದ 15 ನಿಮಿಷ ಬೇಯಿಸಬೇಕು. ಹುರಿಯುವ ಹೊತ್ತೂ ಸೇರಿದರೆ ನಾಲ್ಕರಲ್ಲಿ ಇದೇ ನಿಧಾನ. ಭಾನುವಾರ ಅರ್ಧ ಕೆಜಿ ಹುರಿದು ಡಬ್ಬಿಗೆ ಹಾಕಿಟ್ಟರೆ ವಾರದ ಆ ಕೆಲಸ ಮುಗಿಯಿತು, ಹುಳುವೂ ಬೇಗ ಬೀಳದು. ಸಿಹಿ ಗಂಜಿಗೆ ಇದೇ ಚೆನ್ನ.

ಓಟ್ಸಿನ ಬಲ ಸಮಯ ಮಾತ್ರ: ಮೂರು ನಾಲ್ಕು ನಿಮಿಷ. ಜಾಸ್ತಿ ತಿರುವಿದಷ್ಟೂ ಲೋಳೆಯಾಗುತ್ತದೆ. ಕುದಿನೀರಿಗೆ ಹಾಕಿ ಎರಡೇ ಸಲ ಕೈಯಾಡಿಸಿದರೆ ಹಳಕುಗಳು ಉಳಿಯುತ್ತವೆ. ಮಸಾಲೆ ಪೊಟ್ಟಣಗಳಿಗೆ ಹಣ ಹಾಕಬೇಡಿ. ಗ್ರಾಂ ಲೆಕ್ಕದಲ್ಲಿ ಸಾದಾ ಓಟ್ಸಿಗಿಂತ ತುಟ್ಟಿ, ಉಪ್ಪೂ ಜಾಸ್ತಿ. ಒಗ್ಗರಣೆ, ಈರುಳ್ಳಿ, ಚಿಟಿಕೆ ಸಾರಿನ ಪುಡಿ ಅದೇ ಕೆಲಸ ಮಾಡುತ್ತವೆ.

ಹಾಲಿನ ವಿಷಯ ಬಹಳ ಜನ ಮರೆಯುತ್ತಾರೆ. 100 ಮಿಲಿ ಹಾಲಿಗೆ ಐದು ರೂಪಾಯಿ ಆಸುಪಾಸು, ಅಂದರೆ ಓಟ್ಸ್ ಬಿಟ್ಟು ಉಳಿದ ಯಾವ ಧಾನ್ಯಕ್ಕಿಂತಲೂ ಹೆಚ್ಚು. ನೀರಲ್ಲಿ ಬೇಯಿಸಿ ಕೊನೆಗೆ 50 ಮಿಲಿ ಸೇರಿಸಿದರೆ ರುಚಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ತಳ ಹಿಡಿಯುವುದೂ ತಪ್ಪುತ್ತದೆ. ಬೆಲ್ಲ ಹಾಕುವವರು ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವ ಹಾಲಿಗೆ ಬಿದ್ದರೆ ಒಡೆಯುವ ಸಂಭವ ಹೆಚ್ಚು.

ನಮ್ಮ ಆಯ್ಕೆ: ದಿನಬಳಕೆಗೆ ರಾಗಿ, ಮೈಮುರಿ ಕೆಲಸದ ದಿನಕ್ಕೆ ಬೇಳೆ ಸೇರಿಸಿದ ನುಚ್ಚಕ್ಕಿ. ಸಕ್ಕರೆ ಕಾಯಿಲೆಯವರಿಗೆ ರಾಗಿ ಗಂಜಿ ಎಷ್ಟು ಕುಡಿದರೂ ತೊಂದರೆಯಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ನುಣ್ಣನೆ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನೂ ಬೇಗ ಏರಿಸುತ್ತದೆ.

ಪಿಜಿ, ಹಾಸ್ಟೆಲಿನಲ್ಲಿ ಬರೀ ಎಲೆಕ್ಟ್ರಿಕ್ ಕೆಟಲ್ ಇರುವವರು ಅದರಲ್ಲಿ ರಾಗಿ ಕುದಿಸಲು ಹೋಗಬೇಡಿ, ಹಿಟ್ಟು ತಳಕ್ಕೆ ಕೂತು ಸೀದು ಕೆಟಲ್ಲೇ ಹಾಳು. ನೀರು ಮಾತ್ರ ಕುದಿಸಿ ಬಟ್ಟಲಿನ ಓಟ್ಸಿಗೆ ಸುರಿದು ಐದು ನಿಮಿಷ ಮುಚ್ಚಿಡಿ. ಅಷ್ಟು ದುಡ್ಡು ಬೇಡವೆಂದರೆ ಅರಳಿಸಿದ ರಾಗಿಯ ಹುರಿಹಿಟ್ಟು ತರಿಸಿಕೊಳ್ಳಿ. ಅದು ಆಗಲೇ ಬೆಂದಿರುವುದರಿಂದ ಬಿಸಿನೀರು, ಬೆಲ್ಲ ಹಾಕಿ ಕಲಸಿದರೆ ಸಾಕು.