ಮಗಳ ಕಿವಿಯ ಹಿಂದಿನ ಮಚ್ಚೆಗೆ ಕಾಲುಗಳಿದ್ದವು

ಮಕ್ಕಳನ್ನು ಕರ್ಕೊಂಡು ಹತ್ತಿರದ ಅಭಯಾರಣ್ಯಕ್ಕೋ ಪಕ್ಷಿಧಾಮಕ್ಕೋ ಹೊರಟಿದ್ದೀರಾ? ಹಾಗಿದ್ದರೆ ಇದನ್ನು ಓದಿ ಹೊರಡಿ. ಹಾವು, ಜೇನು, ನೀರು ಅಂತ ಹೆದರಬೇಕಾದ್ದಕ್ಕೆಲ್ಲ ನಾವು ಹೆದರಿಕೊಂಡೇ ಹೋಗಿದ್ದೆವು. ನಮ್ಮನ್ನು ಹಿಡಿದದ್ದು ಉಣ್ಣಿ. ಆದರೆ ಆಮೇಲೆ ಆದ ಅನಾಹುತದಲ್ಲಿ ಉಣ್ಣಿಗಿಂತ ನನ್ನ ಪಾಲೇ ದೊಡ್ಡದು.

ಅವತ್ತು ಮಾಹಿತಿ ಕೇಂದ್ರದೊಳಗೆ ಹತ್ತು ನಿಮಿಷವೂ ಇರಲಿಲ್ಲ. ಮಕ್ಕಳಿಗೆ ಯಾವಾಗ ಹೊರಗೆ ಓಡುತ್ತೇವೋ ಅನ್ನುವ ಆತುರ. ಕೌಂಟರಿನಲ್ಲಿದ್ದವರು, "ಕಾಲುದಾರಿ ಬಿಟ್ಟು ಹುಲ್ಲಿಗೆ ಇಳೀಬೇಡಿ ಸಾರ್" ಅಂದರು. ಗಿಡ ತುಳಿದು ಹಾಳುಮಾಡುತ್ತಾರೆ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಆರು ವರ್ಷದ ಮಗಳು ಚಿಟ್ಟೆ ಹಿಂದೆ ಹುಲ್ಲಿನೊಳಗಿದ್ದಳು. ಹಾಕಿದ್ದು ಚಡ್ಡಿ, ಚಪ್ಪಲಿ. ನನ್ನ ಮೊಣಕಾಲೆತ್ತರದ ಹುಲ್ಲು ಅವಳಿಗೆ ಸೊಂಟದ ಮಟ್ಟ. ಮಧ್ಯಾಹ್ನ ಅಲ್ಲೇ ಅಂಚಿನಲ್ಲಿ ಬೆಡ್‌ಶೀಟ್ ಹಾಸಿ ಎಲ್ಲರೂ ಮೈಚಾಚಿದೆವು. ವಾಪಸ್ ಬರುವಾಗ ಮಕ್ಕಳಿಗೆ ಕಾರಿನಲ್ಲೇ ನಿದ್ದೆ. ಸ್ನಾನ ನಾಳೆಗಾಯಿತು ಅಂತ ಹಾಗೇ ಎತ್ತಿಕೊಂಡು ಹೋಗಿ ಹಾಸಿಗೆ ಮೇಲೆ ಮಲಗಿಸಿದೆವು.

ಮೂರನೇ ದಿನ ತಲೆ ಬಾಚುತ್ತಿದ್ದ ಹೆಂಡತಿ ಕರೆದಳು. "ರೀ, ಪುಟ್ಟಿ ಕಿವಿ ಹಿಂದೆ ಈ ಮಚ್ಚೆ ಮೊದಲೇ ಇತ್ತಾ?"

ಮಚ್ಚೆಗೆ ಕಾಲುಗಳಿದ್ದವು.

ಮಗಳಿಗೆ ನೋವಿಲ್ಲ, ತುರಿಕೆಯೂ ಇಲ್ಲ. ಉಣ್ಣಿಯ ಜೊಲ್ಲಿನಲ್ಲಿ ಚರ್ಮವನ್ನು ಮರಗಟ್ಟಿಸುವ ಅಂಶ ಇರುತ್ತದೆ, ಅದಕ್ಕೇ ಕಚ್ಚಿದ್ದು ಗೊತ್ತಾಗುವುದಿಲ್ಲ ಎಂದು ಆಮೇಲೆ ಡಾಕ್ಟರ್ ಹೇಳಿದರು. ಆ ಹೊತ್ತಿಗೆ ಮಾತ್ರ ಮನೆಯಲ್ಲಿ ಗಲಾಟೆಯೋ ಗಲಾಟೆ. ಫೋನಿನಲ್ಲಿ ಒಬ್ಬರು ಬೆಂಕಿಕಡ್ಡಿ ತಾಗಿಸು ಅಂದರು, ಇನ್ನೊಬ್ಬರು ಸೀಮೆಎಣ್ಣೆ. ಕೈಗೆ ಸಿಕ್ಕಿದ್ದು ನೇಲ್ ಪಾಲಿಶ್, ಅದನ್ನೇ ಬಳಿದೆ. ಅದು ಜಗ್ಗಲಿಲ್ಲ. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಹಿಂಡಿ ಕಿತ್ತೆ. ಹೊಟ್ಟೆ ಕೈಗೆ ಬಂತು, ಬಾಯಿ ಚರ್ಮದೊಳಗೇ ಉಳಿಯಿತು. ಅದನ್ನೂ ಬಿಡಬೇಕಲ್ಲ? ಸೂಜಿ ಕಾಯಿಸಿ ಕೆದಕಿದೆ. ಅವಳು ಅತ್ತಿದ್ದು ಈಗಲೂ ಕಿವಿಯಲ್ಲಿದೆ.

ಎಂಟನೇ ದಿನ ಜ್ವರ ಬಂತು. ಕಿವಿ ಹಿಂದೆ ಊದಿ ಕೀವು ತುಂಬಿತ್ತು.

ಡಾಕ್ಟರ್ ಮೊದಲು ಕೇಳಿದ್ದು, "ಉಣ್ಣಿ ಎಲ್ಲಿ?" ಚರಂಡಿಗೆ ಹಾಕಿದ್ದೆ. ಟೇಪಿಗೆ ಅಂಟಿಸಿಯೋ ಸಣ್ಣ ಕವರಿನಲ್ಲೋ ಇಟ್ಟುಕೊಂಡಿದ್ದರೆ ಯಾವ ಜಾತಿಯದು ಎಂದಾದರೂ ನೋಡಬಹುದಿತ್ತಂತೆ. ಎರಡನೇ ಪ್ರಶ್ನೆ, ಕಚ್ಚಿದ್ದು ಯಾವತ್ತು, ತೆಗೆದದ್ದು ಯಾವತ್ತು. ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಯುರೋಪ್, ಉತ್ತರ ಅಮೆರಿಕದ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಮೈಗೆ ದಾಟಬೇಕಾದರೆ ಸಾಮಾನ್ಯವಾಗಿ ಉಣ್ಣಿ 24 ಗಂಟೆಗೂ ಹೆಚ್ಚು ಕಚ್ಚಿಕೊಂಡಿರಬೇಕು. ಕೆಂಪು ಗುರುತು ಮೂಡುವುದಕ್ಕೆ 3ರಿಂದ 30 ದಿನ ಹಿಡಿಯುತ್ತದೆ. ವೈರಸ್‌ಗಳು ಅಷ್ಟು ಹೊತ್ತು ಕಾಯಬೇಕೆಂದಿಲ್ಲ. ನಮ್ಮವರಿಗೆ ಗೊತ್ತಿರುವ ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣ್ಣಿಯಿಂದಲೇ ಹರಡುವ ವೈರಸ್. ಕಚ್ಚಿದ 3ರಿಂದ 8 ದಿನದೊಳಗೆ ಜ್ವರ. ಎಂಟನೇ ದಿನದ ಜ್ವರ ಇಟ್ಟುಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳುವಾಗ ಹೇಗಾಗಿರಬೇಡ! ಎಲ್ಲ ಉಣ್ಣಿಯಲ್ಲೂ ರೋಗ ಇರುವುದಿಲ್ಲ ಅಂತ ಅವರು ಸಮಾಧಾನ ಹೇಳಿದರು. ತಲೆಗೆ ಹೋಗಲಿಲ್ಲ.

ರಕ್ತಪರೀಕ್ಷೆ, ಎರಡು ರಾತ್ರಿ ಆಸ್ಪತ್ರೆ. ಕೊನೆಗೆ ಗೊತ್ತಾಗಿದ್ದು, ಜ್ವರ ಉಣ್ಣಿಯದ್ದಲ್ಲ, ನನ್ನ ಸೂಜಿಯ ಗಾಯದ್ದು.

ತೆಗೆಯುವುದು ಹೇಗೆ ಎಂದು ಡಾಕ್ಟರ್ ತೋರಿಸಿದರು. ಚೂಪು ತುದಿಯ ಚಿಮುಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ, ಅಂದರೆ ತಲೆಯ ಭಾಗವನ್ನೇ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಬೇಕು. ಹೊಟ್ಟೆ ಹಿಂಡಬಾರದು. ಎಣ್ಣೆ, ಬೆಂಕಿ, ಪಾಲಿಶ್ ಯಾವುದೂ ಬೇಡ, ಕೆರಳಿದ ಉಣ್ಣಿ ಜೊಲ್ಲನ್ನು ಇನ್ನಷ್ಟು ಒಳಗೆ ಬಿಡುತ್ತದೆ. ಬಾಯಿಯ ಚೂರು ಉಳಿದು ಸುಲಭವಾಗಿ ಬರಲಿಲ್ಲವೆಂದರೆ ಕೆದಕದೆ ಬಿಟ್ಟುಬಿಡಿ, ಚರ್ಮವೇ ಅದನ್ನು ಹೊರಗೆ ಹಾಕುತ್ತದೆ. ಸೋಪಿನಲ್ಲಿ ತೊಳೆದು ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ. ಆಮೇಲೆ ಜ್ವರವೋ ಗುರುತೋ ಕಂಡರೆ ಉಣ್ಣಿ ಕಚ್ಚಿತ್ತು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಉಣ್ಣಿ ಹಾರುವುದಿಲ್ಲ, ನೆಗೆಯುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಗ್ರಹಿಸುತ್ತಾ ಕಾದಿರುತ್ತದೆ. ಬಟ್ಟೆ ತಾಗಿದರೆ ಹತ್ತಿಕೊಳ್ಳುತ್ತದೆ, ಅಲ್ಲಿಂದ ಮೇಲಕ್ಕೆ ತೆವಳುತ್ತದೆ. ಅದಕ್ಕೇ ಈಗ ನಮ್ಮದು ತಿಳಿಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ನೋಡುವವರು ನಗುತ್ತಾರೆ, ನಗಲಿ. ಕೀಟಗಳನ್ನು ದೂರವಿಡುವ ಡೀಟ್ ಇರುವ ಮುಲಾಮು ಮೈಗೆ. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಅದರ ಹತ್ತಿರವೂ ಬೇಡ, ಬೆಕ್ಕಿಗೆ ಅದು ವಿಷ.

ಬಂದ ಎರಡು ಗಂಟೆಯೊಳಗೆ ಎಲ್ಲರಿಗೂ ಸ್ನಾನ, ಎಷ್ಟೇ ನಿದ್ದೆಗಣ್ಣಿದ್ದರೂ. ಕಂಕುಳು, ಹೊಕ್ಕುಳು, ಮೊಣಕಾಲಿನ ಹಿಂಬದಿ, ತೊಡೆಸಂದು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ನೋಡಬೇಕು. ಮರಿ ಉಣ್ಣಿ ಗಸಗಸೆಯಷ್ಟೇ ಇರುತ್ತದೆ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಬಟ್ಟೆಯನ್ನು ತಣ್ಣೀರಲ್ಲಿ ಒಗೆದರೆ ಅದು ಸಾಯುವುದಿಲ್ಲ, ಬಿಸಿನೀರೇ ಬೇಕು. ಹಾಸಿದ ಬೆಡ್‌ಶೀಟನ್ನೂ ಮರೆಯಬೇಡಿ.

ಮೊನ್ನೆ ಆ ದಿನದ ಫೋಟೋ ನೋಡುತ್ತಿದ್ದೆ. ಮಾಹಿತಿ ಕೇಂದ್ರದ ಬಾಗಿಲಲ್ಲಿ ಮಕ್ಕಳಿಬ್ಬರೂ ಹಲ್ಲು ಕಿರಿದುಕೊಂಡು ನಿಂತಿದ್ದಾರೆ. ಹಿಂದಿನ ಗೋಡೆಯ ಮೇಲೆ ದೊಡ್ಡ ಫಲಕ, ಅದರಲ್ಲಿ ಹುಲ್ಲಿನ ತುದಿಗೆ ಕೂತ ಉಣ್ಣಿಯ ಚಿತ್ರ. ಬಣ್ಣ ಚೆನ್ನಾಗಿದೆ ಅಂತ ಅವರನ್ನು ಅದರ ಮುಂದೆ ನಿಲ್ಲಿಸಿದ್ದು ನಾನೇ.