ಫಲಾನುಭವಿಗಳ ಪಟ್ಟಿ ನೋಡದೆ ‘ಪರಿಹಾರ ಬರುತ್ತದೆ’ ಎಂಬ ಮಾತನ್ನು ನಂಬಬೇಡಿ

ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟು, ‘ಖಾತೆಗೆ ಬರುತ್ತದೆ ಹೋಗಿ’ ಎನ್ನಿಸಿಕೊಂಡು ಮನೆಗೆ ಮರಳುವ ರೈತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ನಮಗಾದದ್ದು ಮುಂದಿನ ಬರ, ನೆರೆಯ ಪರಿಹಾರದಲ್ಲಿ ನಿಮಗೆ ಆಗಬಾರದು.

2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿನ ಮಿತಿಯಲ್ಲಿ. ಸ್ವಲ್ಪ ದಿನದಲ್ಲೇ ಮೆಕ್ಕೆಜೋಳದವರಿಗೂ ತಲಾ 5,000 ಎಂದಾಯಿತು. ಮದುವೆ, ಜಾತ್ರೆ, ದೇವಸ್ಥಾನ ಎಲ್ಲವೂ ನಿಂತು, ಬಿಡಿಸಿದ ಸೇವಂತಿಗೆಯನ್ನು ಬದುವಿನ ಮೇಲೆ ಸುರಿದಿದ್ದ ನಮಗೆ ಆ ಹಣ ಸಾಲದಾದರೂ ಮುಂದಿನ ಸಸಿಯ ಖರ್ಚಿಗೆ ಆಗುತ್ತಿತ್ತು. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿಗಳೊಂದಿಗೆ ಅರ್ಜಿ ಕೊಟ್ಟೆವು.

ಹಣ ಬರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಒಮ್ಮೆ ‘ಅನುದಾನ ಬಂದಿಲ್ಲ’, ಮತ್ತೊಮ್ಮೆ ‘ಮೇಲಕ್ಕೆ ಕಳಿಸಿದ್ದೇವೆ’. ಪಟ್ಟಿಯನ್ನಾದರೂ ತೋರಿಸಿ ಎಂದಾಗ ‘ಬೇರೆಯವರ ವಿವರ ಕೊಡುವಂತಿಲ್ಲ’ ಎಂದರು. ಕೈಬಿಟ್ಟದ್ದಕ್ಕೆ ಕಾರಣವನ್ನು ಬರಹದಲ್ಲಿ ಯಾರೂ ಕೊಡಲಿಲ್ಲ. ಕಡೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಮೇಲೆ ತಿಳಿದದ್ದು ಇಷ್ಟು: ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿನ ಮುಂದೆ ರಾಗಿ ಎಂದು ದಾಖಲಾಗಿತ್ತು. ಫಲಾನುಭವಿಗಳ ಪಟ್ಟಿಯಲ್ಲಾದರೋ, ಹತ್ತಾರು ವರ್ಷಗಳಿಂದ ನೀಲಗಿರಿ ನಿಂತಿರುವ ಜಮೀನೊಂದಕ್ಕೆ ಹೂವಿನ ಪರಿಹಾರ ಮಂಜೂರಾಗಿತ್ತು. ತಿದ್ದಿಸಲು ಹೋದರೆ ಆಕ್ಷೇಪಣೆಯ ಅವಧಿ ಮುಗಿದಿದೆ ಎಂಬ ಉತ್ತರ. ಹಣ ಪಡೆದವರ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿಯನ್ನು ಸಕಾಲದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿದ್ದರೆ ಎರಡೂ ತಪ್ಪುಗಳನ್ನು ಊರಿನವರೇ ಅಂದೇ ಹಿಡಿಯುತ್ತಿದ್ದರು. ಮುಚ್ಚಿಟ್ಟವರ ಮೇಲೆ ನನ್ನ ಸಿಟ್ಟು.

ಪಟ್ಟಿ ಕೇಳುವುದು ಯಾರ ದಾಕ್ಷಿಣ್ಯದ ವಿಷಯವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ, ಸಹಾಯಧನ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳುವ ಮೊದಲೇ ಪ್ರಕಟಿಸುವುದು ಇಲಾಖೆಯ ಹೊಣೆ.

ಆದ್ದರಿಂದ ಪರಿಹಾರ ಘೋಷಣೆಯಾಗುವವರೆಗೆ ಕಾಯಬೇಡಿ. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆಯ ವಿವರ ತೋರಿಸುವ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ನಮೂದಾಗಿದೆ ಎಂದು ನೋಡಿ. ತಪ್ಪಿದ್ದರೆ ಅವಧಿಯೊಳಗೆ ಅಲ್ಲೇ ಆಕ್ಷೇಪಣೆ ಹಾಕಿ. ಬೆಳೆ ನಿಂತಿರುವಾಗಲೇ ಫೋಟೊ ತೆಗೆದಿಡಿ. ಆಧಾರ್ ಜೋಡಣೆ ಯಾವ ಬ್ಯಾಂಕ್ ಖಾತೆಗಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನೇರ ವರ್ಗಾವಣೆಯ ಹಣ ಹಾಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ, ನೀವು ಬರೆದುಕೊಟ್ಟ ಖಾತೆಗೇ ಹೋಗಬೇಕೆಂದಿಲ್ಲ. ಅರ್ಜಿ ಕೊಟ್ಟಾಗ ಮೊಹರು, ದಿನಾಂಕ ಇರುವ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಬರಬೇಡಿ. ಪಹಣಿಯಲ್ಲಿ ಹೆಸರಿಲ್ಲದೆ ಗುತ್ತಿಗೆಗೆ ಉಳುವವರ ಪಾಡು ಇದಕ್ಕಿಂತ ಕಷ್ಟದ್ದು. ಅವರ ಬೆವರಿಗೆ ದಾಖಲೆಯೇ ಇರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಹೆಸರು, ಗ್ರಾಮ, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಪಾವತಿಸಿದ ಮೊತ್ತ ಇಷ್ಟನ್ನೇ ಕೇಳಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಬೇಡವೆಂದು ಸ್ಪಷ್ಟವಾಗಿ ಬರೆಯಿರಿ. ಆಗ ‘ವೈಯಕ್ತಿಕ ಮಾಹಿತಿ’ ಎಂಬ ನೆಪದ ಬಲ ಅರ್ಧ ಕುಗ್ಗುತ್ತದೆ. ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಕಾರಣಗಳ ಸಹಿತ ಬೇರೊಂದು ಅರ್ಜಿಯಲ್ಲಿ ಕೇಳಿ. ನಮಗೆ ನಿಜ ತಿಳಿದದ್ದು ಅದರಿಂದಲೇ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ) ತೋರಿಸಿ ನಿರಾಕರಿಸಿದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಲು ಅವಕಾಶವಿರುವ ಕಲಂ 8(2)ನ್ನು ಅದರಲ್ಲಿ ಉಲ್ಲೇಖಿಸಿ. ಮೊದಲ ಅರ್ಜಿಗೆ ನಮಗೆ ಸಿಕ್ಕಿದ್ದೂ ನಿರಾಕರಣೆಯೇ. ಪಟ್ಟಿ ಕೈಗೆ ಬಂದದ್ದು ಮೇಲ್ಮನವಿಯ ನಂತರ.